ಎದುರೂರಿಗೆ ನೂರೈವತ್ತು ಟಿಕೆಟ್

ಆಫ್‌ಸೈಡ್ ಎಂದರೇನು ಎಂದು ನನ್ನ ಗಂಡ ಮದುವೆಯಾದ ಹೊಸತರಲ್ಲಿ ಊಟದ ತಟ್ಟೆಯ ಅಂಚಿಗೆ ಅವರೆಕಾಳು ಜೋಡಿಸಿ ತೋರಿಸಿದ್ದರು. ನನಗೆ ಅರ್ಥವಾಗಲಿಲ್ಲ. ಹದಿನೆಂಟು ವರ್ಷ ಕಳೆದ ಮೇಲೂ ಪೂರ್ತಿ ಅರ್ಥವಾಗಿದೆ ಎಂದು ಹೇಳಲಾರೆ. ಆದರೂ ಹೊಸೂರಿನ ಮೂಕಂಡಪಲ್ಲಿಯ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಟಿಕೆಟ್ ಹಂಚುವ ಕೆಲಸ ಮೂರು ವರ್ಷದಿಂದ ನನ್ನದೇ.

ಗಂಡ ಲಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಮೊಣಕಾಲು ಕೈಕೊಡುವವರೆಗೆ ಆಡುತ್ತಿದ್ದರು, ಈಗ ತಂಡವನ್ನು ಆಡಿಸುತ್ತಾರೆ. ನಾನು ಗಡಿಯಾರದ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ವಿಭಾಗದಲ್ಲಿದ್ದೇನೆ. ಕ್ಲಬ್ಬೆಂದರೆ ದೊಡ್ಡದೇನಲ್ಲ. ಕೈಗಾರಿಕಾ ಎಸ್ಟೇಟಿನ ಬೇರೆ ಬೇರೆ ಕಾರ್ಖಾನೆಗಳಲ್ಲಿ ಶಿಫ್ಟು ಮಾಡುವವರು ಭಾನುವಾರ ಸೇರಿ ಆಡುವ ತಂಡ, ಅವರ ಹಿಂದೆ ಅವರವರ ಬೀದಿ. ಆಟದ ಬಯಲಿನ ಕಲ್ಲು ಆರಿಸಿ, ಪಾರ್ಥೇನಿಯಂ ಕಿತ್ತು, ನೀರು ಹಾಯಿಸಿ ಅದನ್ನು ಮೈದಾನ ಮಾಡಿದ್ದು ಬೀದಿಯವರೇ.

ಮೊದಲು ಟಿಕೆಟ್ ಎಂಬುದೇ ಇರಲಿಲ್ಲ. ಬಂದವರು ಸುತ್ತ ನಿಂತು ನೋಡುತ್ತಿದ್ದರು. ಒಂದು ಸಲ ಜನ ಜಾಸ್ತಿಯಾಗಿ, ಕಟ್ಟಿದ್ದ ಹಗ್ಗ ಕಿತ್ತು, ಒಬ್ಬರ ಮೇಲೊಬ್ಬರು ಬಿದ್ದು ಇಬ್ಬರ ಕೈ ಮುರಿಯಿತು. ಆಮೇಲೆ ಕಾಂಪೌಂಡ್ ಎದ್ದಿತು, ಒಂದು ಪಕ್ಕಕ್ಕೆ ಸಿಮೆಂಟಿನ ಮೆಟ್ಟಿಲು ಬಂತು. ಪೊಲೀಸಿನವರು ಬಂದು ಅಳೆದು, ಏಳುನೂರು ಜನಕ್ಕಿಂತ ಒಬ್ಬರೂ ಹೆಚ್ಚು ಒಳಗಿರಬಾರದು ಎಂದರು. ಹಾಗಾಗಿ ಏಳುನೂರು ಟಿಕೆಟ್. ಅದಕ್ಕೆ ಬೆಲೆಯಿಲ್ಲ, ಕ್ಲಬ್ಬಿನ ಮೊಹರು ಬಿದ್ದಿದ್ದರೆ ಸಾಕು. ಹಂಚುವುದಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಕಾರ್ಯದರ್ಶಿ ನನ್ನ ಕಡೆ ಕೈ ತೋರಿಸಿದರು. ನನ್ನ ಅಕ್ಷರ ಚೆನ್ನಾಗಿದೆ ಎಂಬುದು ಒಂದು ಕಾರಣ. ಇನ್ನೊಂದು, ನನಗೆ ಆಟ ಗೊತ್ತಿಲ್ಲ, ಆದ್ದರಿಂದ ಯಾರ ಪರವೂ ಇರುವುದಿಲ್ಲ ಎಂಬುದು. ನನ್ನ ತವರು ರಾಯಕೋಟೆಯ ಮಗ್ಗುಲಿನ ಹಳ್ಳಿ ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಕಳೆದ ವರ್ಷ ಲೀಗಿನ ಸೆಮಿಫೈನಲ್ಲಿನಲ್ಲಿ ನಮಗೆ ಎದುರಾಗಿದ್ದು ರಾಯಕೋಟೆಯ ತಂಡವೇ. ಮೊದಲ ಪಂದ್ಯ ಅವರಲ್ಲಿ, ಎರಡನೆಯದು ಹದಿನೈದು ದಿನ ಬಿಟ್ಟು ನಮ್ಮಲ್ಲಿ. ಎರಡರ ಗೋಲು ಕೂಡಿ ಯಾರದ್ದು ಹೆಚ್ಚೋ ಅವರು ಫೈನಲ್ಲಿಗೆ.

ಮೊದಲ ಪಂದ್ಯದ ನಮ್ಮ ಪಾಲಿನ ಟಿಕೆಟ್ಟುಗಳನ್ನು ತಂದುಕೊಟ್ಟವನು ನನ್ನ ಅಣ್ಣ. ಊರಲ್ಲಿ ಟೊಮ್ಯಾಟೊ, ರಾಗಿ ಬೆಳೆಯುತ್ತಾನೆ, ರಾಯಕೋಟೆಯ ಕ್ಲಬ್ಬಿನಲ್ಲಿ ಗೇಟು ನೋಡಿಕೊಳ್ಳುವವನೂ ಅವನೇ. ಎಣಿಸಿದೆ, ನಲವತ್ತು ಇತ್ತು. ಇನ್ನೊಂದು ಕಟ್ಟು ಬಸ್ಸಿನಲ್ಲೇ ಬಿಟ್ಟುಬಂದನೇನೋ ಎಂದುಕೊಂಡೆ.

"ಇಷ್ಟೇನಾ ಅಣ್ಣ?"

"ಇಷ್ಟೇ ಕಣಮ್ಮ. ನಮ್ಮೂರೋರಿಗೇ ಸಾಲ್ದು."

ಭಾನುವಾರ ಎರಡು ಬಸ್ಸು ಮಾಡಿಕೊಂಡು ನೂರು ಜನ ಹೋದೆವು. ಟಿಕೆಟ್ ಇಲ್ಲದವರು, "ಅಲ್ಲೀಗಂಟ ಹೋದ್ರೆ ಒಳೀಕೆ ಬುಡ್ದೆ ಇರ್ತಾರಾ?" ಎನ್ನುವ ಧೈರ್ಯದಲ್ಲಿ ಹತ್ತಿದ್ದರು. ಅವರಲ್ಲಿ ನಮ್ಮ ಗೋಲ್‌ಕೀಪರಿನ ತಾಯಿಯೂ ಇದ್ದರು. ಮಗ ಆಡುವುದನ್ನು ಒಮ್ಮೆಯೂ ನೋಡದ ಆಕೆ ಧರ್ಮಪುರಿಯಿಂದ ಆ ಬೆಳಿಗ್ಗೆ ಹೇಳದೆ ಕೇಳದೆ ಬಂದಿಳಿದಿದ್ದರು.

ಮೇಸ್ತ್ರಿ ತಮ್ಮ ಟಿಕೆಟ್ಟನ್ನು ಆಕೆಗೆ ಕೊಟ್ಟುಬಿಟ್ಟರು. ಮೇಸ್ತ್ರಿ ಎಂದರೆ ನಮ್ಮ ಕ್ಲಬ್ಬು ಕಟ್ಟಿದ ಹಿರಿಯರು. ಕಾರ್ಖಾನೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಎಡಗಾಲು ಎಳೆದು ನಡೆಯುತ್ತಾರೆ, ಆದರೆ ಒಂದು ಪಂದ್ಯ ತಪ್ಪಿಸಿದವರಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಯಾರು ತಡೆಯುತ್ತಾರೆ ಎಂದುಕೊಂಡಿದ್ದರು. ಗೇಟಿನಲ್ಲಿ ನನ್ನ ಅಣ್ಣ ತಡೆದ.

"ಅಣ್ಣ, ಇವ್ರು ನಮ್ಮ ಕ್ಲಬ್ಬು ಕಟ್ಟಿದೋರು. ಒಬ್ರನ್ನ ಬುಡಣ್ಣ," ಎಂದೆ.

"ಟಿಕೇಟ್ ಐತಾ?"

"ಇತ್ತು. ಗೋಲ್‌ಕೀಪರ್ ಅಮ್ಮಂಗೆ ಕೊಟ್ಬುಟ್ರು."

"ಅಂಗಾರೆ ಆಗಲ್ಲ ಕಣಮ್ಮ. ಇವ್ರನ್ನ ಬುಟ್ರೆ ಹಿಂದ್ಗಡೆ ಐವತ್ತು ಜನ ನುಗ್ತಾರೆ. ತಂಗಿ ಅಂತ ಬುಟ್ಟ ಅಂತಾರೆ ನಮ್ಮೋರು."

ನನ್ನ ಟಿಕೆಟ್ ತೆಗೆದು ಮೇಸ್ತ್ರಿಗೆ ನೀಡಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ನೀನು ಮಗೀನ ಕರ್ಕೊಂಡು ಹೋಗಮ್ಮ. ನಾನು ಇಲ್ಲೇ ಇರ್ತೀನಿ. ಕಿವಿ ಚೆನ್ನಾಗವೆ," ಎಂದರು. ನಾನು ಜೊತೆಗೆ ಬಂದಿದ್ದ ಮಗಳ ಕೈಹಿಡಿದು ಒಳಗೆ ಹೋದೆ. ಹೋಗಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಒಳಗೆ ನಮಗೆ ಕೊಟ್ಟಿದ್ದ ಜಾಗ ಗೋಲಿನ ಹಿಂದೆ, ಬಿಸಿಲಿಗೆ ಎದುರಾಗಿ. ಸೆರಗನ್ನು ಹಣೆಯ ಮೇಲೆಳೆದುಕೊಂಡರೂ ಚೆಂಡು ಯಾವ ಕಡೆಯಿದೆ ಎಂದು ಕಾಣುತ್ತಿರಲಿಲ್ಲ. ಆಚೆ ಕೋಟೆ ಬೆಟ್ಟದ ಕಡೆಗೆ ಶಾಮಿಯಾನದ ನೆರಳಿತ್ತು. ಅದರ ಕೆಳಗೆ ಮುಖ್ಯ ಅತಿಥಿಗಳಿಗೆಂದು ಹಾಕಿದ ಎರಡು ಸಾಲು ಕುರ್ಚಿ ಆಟ ಮುಗಿಯುವವರೆಗೂ ಖಾಲಿಯಾಗಿಯೇ ಇದ್ದವು. ನಾನು ಆಟಕ್ಕಿಂತ ಹೆಚ್ಚಾಗಿ ಆ ಕುರ್ಚಿಗಳನ್ನೇ ನೋಡಿದೆ. ಆಟ ಒಂದು ಒಂದಕ್ಕೆ ಸಮವಾಯಿತು.

ಹೊರಗೆ ಬಂದಾಗ ಮೇಸ್ತ್ರಿ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತಿದ್ದರು. ಕಾಲ ಬಳಿ ಕಡಲೇಕಾಯಿ ಸಿಪ್ಪೆ ಬಿದ್ದಿತ್ತು. "ಒಂದೊಂದು ತಾನೆ? ಕೂಗು ಕೇಳುಸ್ತು," ಎಂದರು. ಉದ್ದನಪಲ್ಲಿ ದಾಟಿ ಹೊಸೂರು ಬರುವವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದರು.

ಸೋಮವಾರ ಸಂಜೆ ಮೈದಾನದ ಹಿಂದಿನ ಕೋಣೆಯಲ್ಲಿ ಕಮಿಟಿ ಸೇರಿತು. ಎರಡನೇ ಪಂದ್ಯಕ್ಕೆ ರಾಯಕೋಟೆಯವರಿಗೆ ಎಷ್ಟು ಟಿಕೆಟ್ ಎಂಬುದೊಂದೇ ವಿಷಯ. ಕಾರ್ಯದರ್ಶಿಯ ಮನೆಮಾತು ತಮಿಳು. ಅವರು ಮೇಜಿನ ಮೇಲೆ ಕೈ ಬಡಿದು, "ಅವಂಗ ನಾಪ್ಪದು ಕುಡುತ್ತಾಂಗ. ನಾಮ ಇರುಪದು ಕುಡುಪ್ಪೋಮ್," ಎಂದರು. ಅವರು ನಲವತ್ತು ಕೊಟ್ಟರು, ನಾವು ಇಪ್ಪತ್ತು ಕೊಡೋಣ. ಎಲ್ಲರೂ ಹೌದು ಹೌದು ಎಂದರು.

ನಾನು ಏಳುನೂರರಲ್ಲಿ ಇಪ್ಪತ್ತನ್ನು ಬೇರೆ ಕಟ್ಟಿಡುವುದನ್ನು ಮನಸ್ಸಿನಲ್ಲೇ ನೋಡಿದೆ. ಅಷ್ಟು ತೆಳ್ಳನೆಯ ಕಟ್ಟು ಕೈಯಲ್ಲಿ ಹಿಡಿದರೂ ಹಿಡಿದಂತೆಯೇ ಇರುವುದಿಲ್ಲ. "ನಂಗೆ ಗುರುವಾರದವರೆಗೂ ಟೈಮ್ ಕೊಡಿ. ಅವರು ಯಾಕೆ ನಲವತ್ತು ಕೊಟ್ರು ಅಂತ ಕೇಳ್ಕೊಂಡು ಬತ್ತೀನಿ," ಎಂದೆ. ಕೇಳುವುದಕ್ಕೇನಿದೆ ಎಂದು ಒಬ್ಬರು ನಕ್ಕರು. ಆದರೂ ಟೈಮ್ ಕೊಟ್ಟರು.

ಬುಧವಾರ ನನಗೆ ವಾರದ ರಜೆ. ಬೆಳಗಿನ ಬಸ್ಸು ಹಿಡಿದು ತವರಿಗೆ ಹೋದೆ. ಅಣ್ಣ ಟೊಮ್ಯಾಟೊ ಸಾಲುಗಳ ನಡುವೆ ಕಡ್ಡಿಗೆ ದಾರ ಕಟ್ಟುತ್ತಿದ್ದ. ನನ್ನನ್ನು ನೋಡಿದ ಕೂಡಲೇ ತಾನೇ ಶುರುಮಾಡಿದ.

"ಆ ತಾತನ್ನ ನಿಲ್ಸಿದ್ದಕ್ಕೆ ಜಗಳ ಆಡಕ್ಕೆ ಬಂದಿದೀಯಾ?"

"ಜಗಳಕ್ಕಲ್ಲ ಅಣ್ಣ. ನಲವತ್ತು ಅಂತ ಹೆಂಗೆ ಲೆಕ್ಕ ಹಾಕಿದ್ರಿ, ಅದನ್ನ ಕೇಳಕ್ಕೆ ಬಂದೆ."

ಅವನು ದಾರ ಬಿಟ್ಟು ಯೋಚಿಸಿದ. "ಲೆಕ್ಕ ಏನೂ ಇಲ್ಲ ಕಣಮ್ಮ. ಮೀಟಿಂಗ್‌ನಾಗೆ ಯಾರೋ ನಲವತ್ತು ಅಂದ್ರು. ಸರಿ ಅಂದ್ವಿ. ನಿಮ್ಮೂರಿಂದ ಎಷ್ಟು ಜನ ಬತ್ತಾರೆ ಅಂತ ಯಾರೂ ಕೇಳ್ಲೇ ಇಲ್ಲ."

"ಆ ಖಾಲಿ ಕುರ್ಚಿ?"

"ದೊಡ್ಡೋರು ಬತ್ತೀನಿ ಅಂದಿದ್ರು. ಬರ್ಲಿಲ್ಲ."

ಅಷ್ಟೇ. ನಾನು ದಾರಿಯುದ್ದಕ್ಕೂ ಏನೇನೋ ಊಹಿಸಿಕೊಂಡು ಬಂದಿದ್ದೆ. ಹಟ, ಹೊಟ್ಟೆಕಿಚ್ಚು, ಕಾರ್ಖಾನೆಯವರೆಂದರೆ ಹಳ್ಳಿಯವರಿಗಿರುವ ಮುನಿಸು. ಅದಾವುದೂ ಇರಲಿಲ್ಲ. ಯಾರೋ ಒಂದು ಸಂಖ್ಯೆ ಹೇಳಿದ್ದರು, ಯಾರೂ ಯೋಚಿಸಿರಲಿಲ್ಲ.

ಅತ್ತಿಗೆ ಮುದ್ದೆ, ಸೊಪ್ಪಿನ ಸಾರು ತಂದಳು. ಹೊಲದ ಬದುವಿನಲ್ಲೇ ಉಂಡೆವು. "ನಿಮ್ಮೂರಿಂದ ಎಷ್ಟು ಜನ ಬತ್ತಾರೆ?" ಎಂದು ನಾನು ಕೇಳಿದೆ. ಅಣ್ಣ ಬೆರಳು ಮಡಿಸುತ್ತಾ ಹೋದ. ಆಟಗಾರರ ಮನೆಯವರು, ಮಾರ್ಕೆಟ್ಟಿನವರು, ಸ್ಕೂಲಿನ ಮೇಷ್ಟ್ರುಗಳು. "ಇನ್ನೂರು ಆಗ್ತಾರೆ" ಎಂದ.

"ಇನ್ನೂರು ಆಗಲ್ಲ. ನೂರೈವತ್ತು ಕೇಳಿ ನೋಡ್ತೀನಿ."

ಅಣ್ಣನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. "ನಾವು ನಲವತ್ತು ಕೊಟ್ಟು ನೂರೈವತ್ತು ಈಸ್ಕೊಳ್ಳೋದಾ? ನಮ್ಗೆ ನಾಚ್ಕೆ ಆಗಲ್ವೇನಮ್ಮ?"

"ಆಗ್ಲಿ ಬುಡು. ನಾಚ್ಕೆ ಆದ್ರೆ ಒಳ್ಳೇದೇ," ಎಂದಳು ಅತ್ತಿಗೆ. "ಅದ್ರಾಗೆ ಒಂದು ನಂಗೆ. ನಾನು ಬತ್ತೀನಿ."

ಗುರುವಾರದ ಕಮಿಟಿ ಸುಲಭವಾಗಿರಲಿಲ್ಲ. ನಾನು ನೂರೈವತ್ತು ಎಂದ ಕೂಡಲೇ ಕಾರ್ಯದರ್ಶಿ, "ಈಗ ಗೊತ್ತಾಯ್ತು, ತವರಿಗೆ ಯಾಕೆ ಹೋಗಿದ್ರಿ ಅಂತ," ಎಂದರು. ಆದರೆ ನನ್ನನ್ನು ಹೆಚ್ಚು ಕಂಗೆಡಿಸಿದ್ದು ನನ್ನ ಗಂಡನ ಮಾತು. ಮನೆಯಲ್ಲಿ ಒಂದು ಮಾತೂ ಆಡದವರು ಅಲ್ಲಿ ಎದ್ದು ನಿಂತರು.

"ಈ ಗ್ರೌಂಡಿನ ಕಲ್ಲು ಆರಿಸಿದ್ದು ನಮ್ಮ ಬೀದಿ ಹೆಂಗಸ್ರು. ಬೇಸಿಗೆಯಲ್ಲಿ ನೀರು ಬಿಟ್ಟಿದ್ದು ನಮ್ಮ ಹುಡುಗ್ರು. ಅವರನ್ನ ಹೊರಗಡೆ ನಿಲ್ಸಿ, ಒಂದು ಬುಟ್ಟಿ ಮಣ್ಣು ಹೊರದೋರನ್ನ ಕೂರ್ಸೋದು ನ್ಯಾಯಾನಾ? ಆಮೇಲೆ, ಆಡೋರಿಗೆ ನಮ್ಮೋರ ಕೂಗು ಬೇಕು."

ಅದು ಸುಳ್ಳು ವಾದವಾಗಿರಲಿಲ್ಲ. ಹಾಗಾಗಿಯೇ ಉತ್ತರ ಕೊಡುವುದು ಕಷ್ಟವಾಯಿತು. ನಾನು ತಡವರಿಸುತ್ತಲೇ ಹೇಳಿದೆ. ಕಲ್ಲು ಆರಿಸಿದವರ ಮನೆಗಳಿಗೆ ಮೊದಲು ಕೊಡೋಣ, ಅದು ಅವರ ಹಕ್ಕು. ಆದರೆ ಆಟ ಎರಡು ಊರಿನದು. ಅವರ ಕಡೆ ಹನ್ನೊಂದು ಜನ ಇಲ್ಲದಿದ್ದರೆ ನಾವು ಯಾರ ಜೊತೆ ಆಡುವುದು? ಅವರಿಗೂ ಒಂದು ಕೂಗು ಬೇಡವೇ? ಐದರಲ್ಲಿ ನಾಲ್ಕು ಪಾಲು ನಮ್ಮದಾದರೆ ಸಾಲದೇ?

ಯಾರೂ ಒಪ್ಪಲಿಲ್ಲ. ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಹೊರಗೆ ನಿಂತು ಅವಮಾನ ಪಟ್ಟವರು ಅವರು. ಅವರು ನನ್ನ ಪರ ಮಾತಾಡುತ್ತಾರೆಂದು ನಾನು ನಂಬಿದ್ದೆ.

"ಇಪ್ಪತ್ತೂ ಜಾಸ್ತಿ ಆಯ್ತು," ಎಂದರು ಮೇಸ್ತ್ರಿ. "ಹತ್ತು ಕೊಡಿ. ತೊಂಬತ್ತು ನಿಮಿಷ ರೋಡ್ನಾಗೆ ಕುಂತ್ಕೊಳ್ಳೋದು ಹೆಂಗಿರ್ತದೆ ಅಂತ ಅವರಿಗೂ ತಿಳೀಲಿ."

ನಾನು ರಾಯಕೋಟೆಯ ಪಂದ್ಯದ ದಿನದಿಂದ ಮನಸ್ಸಿನಲ್ಲಿದ್ದ ಒಂದು ಸಣ್ಣ ವಿಷಯವನ್ನು ಕೇಳಿದೆ. "ಮೇಸ್ತ್ರಿ, ಅವತ್ತು ಕಡ್ಲೇಕಾಯಿ ಎಲ್ಲಿ ತಗೊಂಡ್ರಿ? ಅಲ್ಲಿ ಅಂಗಡಿ ಇರ್ಲಿಲ್ಲವಲ್ಲ?"

"ಅಂಗಡಿಯಲ್ಲ. ಒಬ್ಬ ಕೊಟ್ಟ."

"ಯಾರು?"

"ರಾಯಕೋಟೆಯೋನೇ. ಅವ್ನಿಗೂ ಟಿಕೇಟ್ ಸಿಕ್ಕಿರ್ಲಿಲ್ಲ. ಅವ್ನ ದಾಯಾದಿ ಒಬ್ಬ ಹುಣಸೇಮರ ಹತ್ತಿ ಕುಂತಿದ್ದ. ಅವ್ನು ಮ್ಯಾಲಿಂದ ಕೂಗಿ ಹೇಳೋನು, ಇವ್ನು ನಂಗೆ ಬಿಡಿಸಿ ಹೇಳೋನು. ಛತ್ರಿ ಹಿಡ್ಕೊಂಡಿದ್ದ. ಅರ್ಧ ನಂಗೂ ಹಿಡಿದ. ನಮ್ಮೋರು ಗೋಲ್ ಹೊಡೆದಾಗ ಮೊದ್ಲು ಹೇಳಿದ್ದೂ ಅವ್ನೇ. ಮುಖ ಸಣ್ಣದು ಮಾಡ್ಕೊಂಡು ಹೇಳ್ದ, ಆದ್ರೆ ಹೇಳ್ದ."

"ಅವ್ನಿಗೊಂದು ಟಿಕೇಟ್ ಬೇಡ್ವಾ?"

"ಅವ್ನಿಗೆ ಬೇಕು. ಅವ್ನಿಗೆ ಕೊಡ್ಲೇಬೇಕು."

"ಅವ್ನ ದಾಯಾದಿಗೆ?"

"ಮರ ಹತ್ತಿ ಕೂಗ್ದೋನಿಗೆ ಬೇಡ ಅನ್ನಕ್ಕಾಗ್ತದಾ?" ಮೇಸ್ತ್ರಿ ತಲೆ ಕೆರೆದುಕೊಂಡರು. "ಹತ್ತರಾಗೆ ಇಬ್ರೂ ಬತ್ತಾರೆ ಬುಡು."

"ಹತ್ತು ಕೊಟ್ರೆ ಅದು ಅವರ ಪ್ಲೇಯರ್‌ಗಳ ಅಪ್ಪ ಅಮ್ಮಂದಿರಿಗೇ ಸಾಲಲ್ಲ. ನಲವತ್ತು ಕೊಟ್ರೂ ಮಾರ್ಕೆಟ್ಟಿನ ದೊಡ್ಡೋರಿಗೆ ಹೋಗ್ತದೆ. ಟಿಕೇಟ್ ಕಮ್ಮಿ ಆದಷ್ಟೂ ಹೊರಗೆ ಉಳಿಯೋದು ಛತ್ರಿ ಹಿಡಿಯೋರೇ ಮೇಸ್ತ್ರಿ," ಎಂದೆ.

ಹೊರಗೆ ಎರಡನೇ ಶಿಫ್ಟಿನ ಬಸ್ಸೊಂದು ತಿರುಗಿಸಿಕೊಳ್ಳುತ್ತಿತ್ತು. ಮೇಸ್ತ್ರಿ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿಟ್ಟುಕೊಂಡರು.

"ನೂರೈವತ್ತು ಕೊಡ್ರಿ," ಎಂದರು ಕೊನೆಗೆ. "ಆದ್ರೆ ಕಾಗದ ಬರೆದು ಕೊಡ್ಬೇಕು. ಇನ್ಮ್ಯಾಲೆ ನಾವು ಅಲ್ಲಿಗೆ ಹೋದ್ರೂ ಐದರಾಗೆ ಒಂದು ಪಾಲು. ನೆರಳಾಗೆ. ಎರಡು ಕಡೆಯೋರೂ ಸೈನು ಹಾಕ್ಬೇಕು."

ಕೈ ಎತ್ತಿಸಿದಾಗ ಆರು ಪರ, ಐದು ವಿರೋಧ. ನನ್ನ ಗಂಡನ ಕೈ ವಿರೋಧದಲ್ಲಿತ್ತು. ಮನೆಗೆ ನಡೆದು ಬರುವಾಗ ಅವರು, "ನಿನ್ನ ಮಾತು ಸರಿ ಇರಬಹುದು. ನನ್ನ ಮಾತೂ ಸರಿ," ಎಂದರು. ನಾನು ಹೌದೆಂದೆ.

ಉಳಿದದ್ದು ಐನೂರೈವತ್ತು. ಮೈದಾನಕ್ಕೆ ದುಡಿದ ಮನೆಗಳಿಗೆ, ಆಟಗಾರರ ಮನೆಗಳಿಗೆ ಮೊದಲು ಕೊಟ್ಟೆ. ಉಳಿದದ್ದಕ್ಕೆ ಹೆಸರು ಕೊಟ್ಟವರು ತುಂಬಾ ಜನ. ಎಲ್ಲರ ಎದುರು ಮೈದಾನದಲ್ಲೇ ಚೀಟಿ ಎತ್ತುವುದೆಂದಾಯಿತು. ಸಿಗದವರಲ್ಲಿ ಮೊದಲ ಐವತ್ತು ಜನರಿಗೆ ಕಾಯುವ ಪಟ್ಟಿ. ನಾವು ಕಲ್ಲು ಆರಿಸಿದ ಮನೆಯವರೂ ಅಲ್ಲ, ಆಟಗಾರರ ಮನೆಯವರೂ ಅಲ್ಲ, ಆಡಿಸುವವರ ಮನೆಯವರು. ಆ ಲೆಕ್ಕದಲ್ಲಿ ಮಗಳೂ ಚೀಟಿಗೆ ನಿಂತಳು. ಅವಳಿಗೆ ಹದಿನಾಲ್ಕು, ಶಾಲೆಯ ಹುಡುಗಿಯರ ತಂಡದಲ್ಲಿ ಆಡುತ್ತಾಳೆ, ಆಫ್‌ಸೈಡನ್ನು ಕಣ್ಣುಮುಚ್ಚಿ ಹೇಳಬಲ್ಲಳು. ಅವಳ ಚೀಟಿ ಬರಲಿಲ್ಲ. ಕಾಯುವ ಪಟ್ಟಿಯಲ್ಲಿ ಮೂವತ್ತೊಂದನೆಯವಳಾದಳು.

ಟಿಕೆಟ್ಟಿನ ಕಟ್ಟುಗಳೆಲ್ಲ ನಮ್ಮ ಮನೆಯ ಬೀರುವಿನಲ್ಲೇ ಇದ್ದವು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ರಾಯಕೋಟೆಯೋರಿಗೆ ನೂರೈವತ್ತು. ನಂಗೊಂದಿಲ್ಲ," ಎಂದಳು. ಆಮೇಲೆ ಎರಡು ದಿನ ನನ್ನೊಂದಿಗೆ ಮಾತಿಲ್ಲ. ತಟ್ಟೆ ತೊಳೆದಿಟ್ಟು ಹೋಗಿ ಮಲಗುತ್ತಿದ್ದಳು.

ಅದೇ ವಾರ ಪಕ್ಕದ ಮನೆಯಾಕೆ ನಲ್ಲಿಯ ಹತ್ತಿರ ಅಡ್ಡ ನಿಂತಳು. ಅವಳ ಗಂಡನ ಚೀಟಿಯೂ ಬಂದಿರಲಿಲ್ಲ. ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ, ಆದರೆ ಅಂದು ಸಿಟ್ಟಿಗೆ ತೆಲುಗೇ ಬಂತು. "ನುವ್ವು ಮಾ ಮನಿಷಿವಾ, ವಾಳ್ಳ ಮನಿಷಿವಾ?" ನೀನು ನಮ್ಮವಳಾ, ಅವರವಳಾ?

ಹದಿನೆಂಟು ವರ್ಷ ಅದೇ ನಲ್ಲಿಯಲ್ಲಿ ಇಬ್ಬರೂ ನೀರು ಹಿಡಿದಿದ್ದೇವೆ. ಅವಳ ಹೆರಿಗೆಗೆ ಆಟೋ ತಂದವಳು ನಾನು. ಕೊಡ ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಮರುದಿನ ಟಿಕೆಟ್ ಕೆಲಸ ಬಿಟ್ಟುಬಿಡುತ್ತೇನೆಂದು ಗಂಡನಿಗೆ ಹೇಳಿದೆ. ಅವರು, "ಮ್ಯಾಚ್ ಮುಗೀಲಿ. ಆಮೇಲೆ ಬಿಡು. ಈಗ ಬಿಟ್ರೆ ತಪ್ಪು ಮಾಡಿದೋಳ ಥರ ಕಾಣ್ತೀಯ," ಎಂದರು. ವಿರುದ್ಧ ಕೈ ಎತ್ತಿದವರು ಹಾಗೆ ಹೇಳಿದ್ದು ನನಗೆ ಬಲ ಕೊಟ್ಟಿತು.

ಪಂದ್ಯದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅಣ್ಣ ಬಂದ. ಶರ್ಟಿನ ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ತೆಗೆದು ನನ್ನ ಕೈಗಿಟ್ಟ.

"ಇಪ್ಪತ್ತೆರಡು ಅವೆ. ನಾಳೆ ಟೊಮ್ಯಾಟೊ ಲೋಡು ಐತೆ, ಅಷ್ಟು ಜನ ಬರಕ್ಕಾಗಲ್ಲ. ಸುಮ್ನೆ ಯಾಕೆ ಖಾಲಿ ಬಿಡೋದು? ನಿಮ್ಮೋರಿಗೆ ಕೊಡು."

ಅದಕ್ಕಾಗಿ ಅವನು ರಾಯಕೋಟೆಯಿಂದ ಬಸ್ಸು ಹತ್ತಿ ಬಂದಿದ್ದ. ನಾನು ಆ ಕಟ್ಟನ್ನೂ ಕಾಯುವ ಪಟ್ಟಿಯನ್ನೂ ಹಿಡಿದು ಬೀದಿಯಲ್ಲಿ ಮನೆ ಮನೆಗೆ ಹೋದೆ. ಏಳನೆಯ ಹೆಸರು ಪಕ್ಕದ ಮನೆಯಾಕೆಯ ಗಂಡನದು. ಬಾಗಿಲು ತೆಗೆದವಳು ಅವಳೇ. ರಾಯಕೋಟೆಯವರು ಹಿಂದೆ ಕೊಟ್ಟಿದ್ದು ಎಂದೆ. ಅವಳು ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಹಿಂದಕ್ಕೆ ಕೊಟ್ರಾ?" ಎಂದಳು. ಮತ್ತೆ ಒಳಗೆ ಹೋಗಿ ಒಂದು ಹಿಡಿ ಕರಿಬೇವು ತಂದು ನನ್ನ ಕೈಗೆ ತುರುಕಿದಳು.

ಇಪ್ಪತ್ತೆರಡಕ್ಕೆ ಪಟ್ಟಿ ನಿಂತಿತು. ಮಗಳು ಮೂವತ್ತೊಂದು. ಮನೆಗೆ ಬಂದು ಅವಳಿಗೆ ಪಟ್ಟಿ ತೋರಿಸಿದೆ. ಅವಳು ನೋಡಿ, "ಸರಿ ಬಿಡಮ್ಮ," ಎಂದಳು. ಎರಡು ದಿನಕ್ಕೆ ಮೊದಲ ಮಾತು. ಅಣ್ಣ ಅಲ್ಲೇ ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು ಇನ್ನೊಂದು ಜೇಬಿನಿಂದ ತನ್ನ ಟಿಕೆಟ್ಟನ್ನು ತೆಗೆದ.

"ನಾನು ನಾಳೆ ನಿನ್ ಜತೆ ಗೇಟಾಗೆ ನಿಲ್ತೀನಿ. ನಮ್ಮೋರ ಮುಖ ನಂಗೆ ಗೊತ್ತು, ನಿಂಗೆ ಸುಲಭ ಆಗ್ತದೆ. ಈ ಸೀಟು ಮಗೀಗೆ."

"ಬ್ಯಾಡಣ್ಣ. ಪಟ್ಟೀಲಿ ಅವಳಿಗಿಂತ ಮುಂದೆ ಎಂಟು ಜನ ಅವ್ರೆ."

"ಅದು ನಿಮ್ಮ ಪಟ್ಟಿ. ಇದು ನಮ್ಮ ಪಾಲು. ನಮ್ಮ ಪಾಲ್ನ ಯಾರಿಗೆ ಕೊಡ್ಬೇಕು ಅಂತ ನೀನು ಹೇಳಂಗಿಲ್ಲ," ಎಂದು ಅವಳ ಕಡೆ ತಿರುಗಿ, "ಆದ್ರೆ ನಮ್ಮೋರ ಮಧ್ಯ ಕುಂತ್ಕೋಬೇಕು. ಬಾಯಿ ಬಿಡಂಗಿಲ್ಲ," ಎಂದ.

ಇದು ಸರಿಯೋ ತಪ್ಪೋ ಎಂದು ನಾನು ತುಂಬಾ ಹೊತ್ತು ಯೋಚಿಸಿದೆ. ಈಗಲೂ ಖಚಿತವಾಗಿ ಹೇಳಲಾರೆ. ಆದರೆ ಮಗಳ ಮುಖ ನೋಡಿ ಬೇಡ ಎನ್ನಲಾಗಲಿಲ್ಲ.

ಭಾನುವಾರ ಮೂರೂವರೆಗೆ ಗೇಟು ತೆಗೆದೆವು. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅಣ್ಣ. ರಾಯಕೋಟೆಯವರು ಮೂರು ಬಸ್ಸಿನಲ್ಲಿ ಬಂದರು. ಮುಂದೆ ಅತ್ತಿಗೆ, ಮದುವೆಗೆ ಉಡುವ ಸೀರೆ ಉಟ್ಟುಕೊಂಡು. ಮೆಟ್ಟಿಲಿನ ಉತ್ತರದ ತುದಿ, ನೆರಳು ಬೀಳುವ ಕಡೆ, ಅವರ ಜಾಗ. ಕೆಲವರು ಬಿಸಿಲಿನ ಕಡೆಗೆ ತಾವಾಗಿ ನಡೆದು ಹೋದರು. ಇಲ್ಲ, ಈ ಕಡೆ ಎಂದು ಕರೆದು ತೋರಿಸಬೇಕಾಯಿತು.

ಮೇಸ್ತ್ರಿ ಕಾಲೆಳೆಯುತ್ತಾ ಬಂದರು. ಬೇಕೆಂದೇ ನನ್ನನ್ನು ಬಿಟ್ಟು ಅಣ್ಣನ ಮುಂದೆ ನಿಂತು ಟಿಕೆಟ್ ಚಾಚಿದರು.

"ನೋಡ್ಕೊಳ್ಳಪ್ಪ. ಮೊಹರು ಸರಿ ಐತಾ?"

ಅಣ್ಣ ಟಿಕೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ತಪ್ಪಾಯ್ತು ತಾತ. ಅವತ್ತು ಬುಡ್ಬೋದಾಗಿತ್ತು."

"ರೂಲ್ಸು ರೂಲ್ಸೇ ಕಣ್ಲಾ. ರೂಲ್ಸು ಚೆನ್ನಾಗಿರ್ಲಿಲ್ಲ, ಅಷ್ಟೇ," ಎಂದರು ಮೇಸ್ತ್ರಿ. ಆಮೇಲೆ ದನಿ ತಗ್ಗಿಸಿ, "ಛತ್ರಿಯೋನು ಬಂದ್ನಾ?" ಎಂದು ಕೇಳಿದರು. ಅವನು ಬಂದಿರಲಿಲ್ಲ. ಲೋಡಿಗೆ ಹೋದವರಲ್ಲಿ ಅವನೂ ಒಬ್ಬ. ಅವನ ದಾಯಾದಿ ಬಂದಿದ್ದ. ಮೇಸ್ತ್ರಿಯ ಮುಖ ಸ್ವಲ್ಪ ಬಾಡಿತು. ಆದರೆ ಒಳಗೆ ಹೋಗುವಾಗ ಉತ್ತರದ ತುದಿಗೆ ಹೋಗಿ, ಮರ ಹತ್ತಿದ್ದವನು ಯಾರೆಂದು ಕೂಗಿ ಕೇಳಿ, ಅವನ ಕೈಕುಲುಕಿ ಬಂದರು.

ಗೇಟಿನಿಂದ ಆಟ ಅರ್ಧ ಕಾಣುತ್ತಿತ್ತು, ಮೆಟ್ಟಿಲು ಪೂರ್ತಿ ಕಾಣುತ್ತಿತ್ತು. ಮಗಳು ಅತ್ತಿಗೆಯ ಪಕ್ಕ, ಎದುರೂರಿನವರ ನಡುವೆ, ತುಟಿ ಕಚ್ಚಿಕೊಂಡು ಕುಳಿತಿದ್ದಳು. ಮೊದಲ ಗೋಲು ನಮ್ಮದು. ಐನೂರು ಚಿಲ್ಲರೆ ಜನ ಒಟ್ಟಿಗೆ ಕೂಗಿದರು. ಉತ್ತರದ ತುದಿಯಲ್ಲಿ ಎಲ್ಲರೂ ಕಲ್ಲಿನಂತೆ ಕುಳಿತಿದ್ದಾಗ, ಅವಳೊಬ್ಬಳು ಎರಡೂ ಕೈ ಮೇಲೆತ್ತಿ ಎದ್ದು ನಿಂತಿದ್ದಳು. ನೂರಿಪ್ಪತ್ತು ತಲೆ ಅವಳ ಕಡೆ ತಿರುಗಿದವು. ಅತ್ತಿಗೆ ಅವಳ ಲಂಗ ಹಿಡಿದು ಕೆಳಗೆಳೆದಳು. ಅಷ್ಟರಲ್ಲಿ ಯಾರೋ ನಕ್ಕರು. ಆಮೇಲೆ ಇಡೀ ಸಾಲೇ ನಕ್ಕಿತು. ಹಿಂದೆ ಕುಳಿತಿದ್ದ ಮುದುಕನೊಬ್ಬ ಅವಳ ತಲೆಯ ಮೇಲೆ ಟವೆಲ್ ಹಾಕಿ ಬಚ್ಚಿಟ್ಟ.

"ನಿನ್ನ ಮಗಳು ನನ್ನ ಮಾನ ಕಳೆದ್ಬುಟ್ಳು," ಎಂದ ಅಣ್ಣ, ನಗುತ್ತಾ.

ಆಟ ನಮ್ಮದಾಗಲಿಲ್ಲ. ರಾಯಕೋಟೆಯವರು ಎರಡು ಹೊಡೆದರು, ಎರಡನೆಯದು ಕೊನೆಯ ನಿಮಿಷಗಳಲ್ಲಿ. ಆ ಗೋಲು ಬಿದ್ದಾಗ ನಾನು ಉತ್ತರದ ತುದಿಯನ್ನೇ ನೋಡುತ್ತಿದ್ದೆ. ನೂರಿಪ್ಪತ್ತೇ ಜನವಾದರೂ ಅವರ ಕೂಗು ಕಾಂಪೌಂಡ್ ದಾಟಿ ಎಸ್ಟೇಟಿನವರೆಗೂ ಹೋಗಿರಬೇಕು. ಅತ್ತಿಗೆ ಎದ್ದು ನಿಂತು ಸೆರಗು ಬೀಸುತ್ತಿದ್ದಳು. ನಮ್ಮ ತಂಡ ಸೋತಿತೆಂದು ನನಗೆ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟೇ ಹೊತ್ತಿಗೆ, ಹೀಗೆ ಕೂಗಲು ಯಾರೂ ಇಲ್ಲದಿದ್ದರೆ ಆ ಹುಡುಗರಿಗೆ ಏನು ಉಳಿಯುತ್ತಿತ್ತು ಎಂದೂ ಅನ್ನಿಸಿತು.

ಜನ ಹೊರಬೀಳುವಾಗ ಏನಾದರೂ ಆಗಬಹುದೆಂದು ಕಾದು ನಿಂತಿದ್ದೆ. ಏನೂ ಆಗಲಿಲ್ಲ. ಗೊಣಗಾಟವಿತ್ತು, ಒಬ್ಬಿಬ್ಬರು ರೆಫರಿಯನ್ನು ಬಯ್ದರು, ಅಷ್ಟೇ. ಗಂಟು ಮುಖದಲ್ಲಿ ಬಂದ ಕಾರ್ಯದರ್ಶಿ ನನ್ನ ಮುಂದೆ ನಿಂತರು. ಈಗ ಮಾತು ಕೇಳಬೇಕು ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡೆ.

"ಅವಂಗಳುಕ್ಕು ಮೋರು ಕುಡುತ್ತೀಂಗಳಾ?" ಎಂದರು. ಅವರಿಗೆ ಮಜ್ಜಿಗೆ ಕೊಟ್ಟಿರಾ? ಇಲ್ಲವೆಂದು ತಿಳಿದು, ತಾವೇ ಕ್ಯಾನು ಹಿಡಿದು ಮೂರೂ ಬಸ್ಸಿನ ಹತ್ತಿರ ಹೋದರು.

ಟಿಕೆಟ್ ಕೆಲಸ ನಾನು ಬಿಡಲಿಲ್ಲ. ಎರಡು ತಿಂಗಳ ಮೇಲೆ ಲೀಗಿನ ಎಲ್ಲ ತಂಡಗಳ ಸಭೆ ಕೃಷ್ಣಗಿರಿಯಲ್ಲಿ ನಡೆಯಿತು. ನಾವು ಮತ್ತು ರಾಯಕೋಟೆಯವರು ಸೈನು ಹಾಕಿದ ಕಾಗದವನ್ನು ಅಲ್ಲಿ ಓದಿದರು. ಐದರಲ್ಲಿ ಒಂದು ಪಾಲು ಬರುವ ಊರಿಗೆ, ಬೇಡವಾದದ್ದನ್ನು ಹಿಂದಿನ ದಿನವೇ ಹಿಂತಿರುಗಿಸಬೇಕು, ಬಿಸಿಲಿಗೆ ಎದುರಾಗಿ ಕೂರಿಸುವಂತಿಲ್ಲ. ಎರಡು ಕ್ಲಬ್ಬಿನವರು ತಮ್ಮ ಮೈದಾನ ಚಿಕ್ಕದು ಎಂದು ತಕರಾರು ತೆಗೆದರು. ಚಿಕ್ಕದಾದರೂ ಐದು ಭಾಗವಾಗುತ್ತದಲ್ಲ ಎಂದು ರಾಯಕೋಟೆಯವರೇ ಎದ್ದು ಹೇಳಿದರು. ನಿಯಮವಾಗಿ ನಿಂತಿತು. ಎಲ್ಲ ಕಡೆಯೂ ನಡೆಯುತ್ತಿದೆಯೇ ಎಂದರೆ ಇಲ್ಲ. ಒಂದು ಕಡೆ ಈಗಲೂ ಕಡಿಮೆ ಕಳಿಸುತ್ತಾರೆ. ನಾನು ಫೋನು ಮಾಡಿ ಕೇಳುತ್ತೇನೆ. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ಈ ಸೀಸನ್ನಿನ ಮೊದಲ ಹೊರಗಿನ ಪಂದ್ಯ ಕೃಷ್ಣಗಿರಿಯಲ್ಲಿ. ನಮ್ಮ ಪಾಲಿನ ನೂರಿಪ್ಪತ್ತು ಟಿಕೆಟ್ ಹತ್ತು ದಿನ ಮೊದಲೇ ಬಂದವು. ಹೊರಗಿನ ಪಂದ್ಯಕ್ಕೆ ನನ್ನನ್ನೂ ಮಗಳನ್ನೂ ಬಿಟ್ಟರೆ ನಮ್ಮ ಬೀದಿಯ ಹೆಂಗಸರು ಹೋದದ್ದೇ ಇಲ್ಲ, ಗಂಡಸರಿಗೇ ಸಾಲುತ್ತಿರಲಿಲ್ಲ. ಈ ಸಲ ಪಕ್ಕದ ಮನೆಯಾಕೆ ಬಂದು, ಹದಿನಾಲ್ಕು ಹೆಂಗಸರ ಹೆಸರು ಬರೆದುಕೋ ಎಂದಳು. ವ್ಯಾನು ಅವಳೇ ಗೊತ್ತುಮಾಡಿದಳು. ಭಾನುವಾರ ಬೆಳಿಗ್ಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಸೂಳಗಿರಿ ದಾಟುವಷ್ಟರಲ್ಲಿ ಮಗಳು ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಮಂಡಿಯೂರಿ ಕುಳಿತು, ಹದಿನಾಲ್ಕು ಜನಕ್ಕೆ ಆಫ್‌ಸೈಡ್ ಎಂದರೇನೆಂದು ವಿವರಿಸುತ್ತಿದ್ದಳು. ಎಲ್ಲರೂ ಒಟ್ಟಿಗೆ ಪ್ರಶ್ನೆ ಕೇಳುತ್ತಿದ್ದರು. ಡ್ರೈವರು ಗಾಡಿ ನಿಧಾನ ಮಾಡಿ, "ಅದನ್ನ ಇನ್ನೊಂದು ಸಲ ಹೇಳಮ್ಮ," ಎಂದ.